ಬಿಕಾಂ ಆದಮೇಲೆ ಕಂಟೆಂಪರರಿ ಡಾನ್ಸ್: ಕೊಡಗಿನಲ್ಲಿದ್ದು ಬದುಕು ನಡೆಯುತ್ತದಾ?

ಪ್ರಶ್ನೆ: ನಾನು ವಿರಾಜಪೇಟೆ ಹತ್ತಿರದ ಹಳ್ಳಿಯವಳು. ವಯಸ್ಸು 22, ಬಿಕಾಂ ಮುಗಿದಿದೆ. ಭರತನಾಟ್ಯದಲ್ಲಿ ಸೀನಿಯರ್ ಪರೀಕ್ಷೆ ಪಾಸಾಗಿದ್ದೇನೆ. ಊರಿನ ಉಮ್ಮತ್ತಾಟ್ (ಕೊಡವ ಹೆಂಗಸರ ನೃತ್ಯ) ತಂಡದಲ್ಲೂ ಇದ್ದೇನೆ. ಬೆಂಗಳೂರಿನಲ್ಲಿ ಒಂದು ಕಂಟೆಂಪರರಿ ಡಾನ್ಸ್ (ಸಮಕಾಲೀನ ನೃತ್ಯ) ವರ್ಕ್‌ಶಾಪ್‌ಗೆ ಹೋಗಿ ಬಂದಮೇಲೆ ಕೊರಿಯೋಗ್ರಾಫರ್ (ನೃತ್ಯ ಸಂಯೋಜಕಿ) ಆಗಬೇಕು, ಕಲಿಸಬೇಕು ಅನ್ನೋ ಆಸೆ ಹಿಡಿದಿದೆ. ಮನೆಯಲ್ಲಿ "ಬ್ಯಾಂಕ್ ಪರೀಕ್ಷೆ ಬರಿ, ಡಾನ್ಸ್ ಭಾನುವಾರ ಮಾಡಿಕೋ" ಅನ್ನುತ್ತಾರೆ. ಇದನ್ನು ನಂಬಿ ಬದುಕಬಹುದಾ? ಕೊಡಗು ಬಿಟ್ಟು ಹೋಗಲೇಬೇಕಾ? ಉಮ್ಮತ್ತಾಟನ್ನು ಕಂಟೆಂಪರರಿ ಜೊತೆ ಸೇರಿಸಿ ಏನಾದರೂ ಮಾಡಬಹುದಾ?

ಉತ್ತರ: ಬದುಕಬಹುದು. ಆದರೆ ನೀವು ಬರೆದ ಕ್ರಮದಲ್ಲಿ ಅಲ್ಲ. ಮೊದಲು ಕೊರಿಯೋಗ್ರಾಫರ್ ಆಗಿ ಹೆಸರು ಮಾಡುವುದು, ಆಮೇಲೆ ಕಲಿಸುವುದು ಅಂತ ನೀವು ಯೋಚಿಸಿದ ಹಾಗಿದೆ. ನಾನು ಕಂಡ ಮಟ್ಟಿಗೆ ಈ ಕೆಲಸದಲ್ಲಿ ಉಳಿದವರು ಮೊದಲಿನಿಂದಲೂ ಕಲಿಸುತ್ತಾ ಬಂದವರು. ತಿಂಗಳ ಖರ್ಚು ಕ್ಲಾಸಿನಿಂದ ನಡೆಯುತ್ತದೆ. ಇನ್ನೂ ಮುಖ್ಯವಾಗಿ, ಬೇರೆಯವರ ಮೈಯನ್ನು ನೋಡುವ ಕಣ್ಣು ಅಲ್ಲೇ ಬೆಳೆಯುತ್ತದೆ. ಸ್ವಂತಕ್ಕೆ ಚೆನ್ನಾಗಿ ಕುಣಿಯುವವರು ಬೇಕಾದಷ್ಟು ಜನ ಇದ್ದಾರೆ. ಇನ್ನೊಬ್ಬರು ಎಲ್ಲಿ ಉಸಿರು ಬಿಗಿ ಹಿಡಿದಿದ್ದಾರೆ, ಭಾರವನ್ನು ಯಾವ ಕಾಲಿನ ಮೇಲೆ ಹಾಕಿದ್ದಾರೆ ಅಂತ ನೋಡಿ, ಅದನ್ನು ಎರಡು ಮಾತಿನಲ್ಲಿ ಹೇಳಬಲ್ಲವರು ಕಡಿಮೆ. ಕೊರಿಯೋಗ್ರಾಫರ್‌ಗೆ ದಿನಬೆಳಗಾದರೆ ಬೇಕಾಗುವುದು ಇದೇ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಟಿವಿ ರಿಯಾಲಿಟಿ ಶೋಗಳಲ್ಲಿ "ಕಂಟೆಂಪರರಿ ರೌಂಡ್" ಅಂತ ಒಂದು ಇರುತ್ತದೆ. ದುಃಖದ ಹಾಡು, ಹೊಗೆ, ಎರಡು ಲಿಫ್ಟ್, ಕೊನೆಗೆ ಅಳು. ಅದನ್ನು ಮಾಡಲು ಗಟ್ಟಿ ಮೈ ಬೇಕು ನಿಜ. ನೀವು ಬೆಂಗಳೂರಿನಲ್ಲಿ ನೋಡಿದ್ದು ಬೇರೆ ದಾರಿಯದು. ನಮ್ಮ ದೇಶದಲ್ಲಿ ಆ ದಾರಿ ತುಳಿದವರಲ್ಲಿ ಉದಯ್ ಶಂಕರ್ ಮೊದಲಿಗರು. ಅವರು ಶಾಸ್ತ್ರೀಯ ನೃತ್ಯವನ್ನು ಕ್ರಮವಾಗಿ ಕಲಿತವರೇ ಅಲ್ಲ. ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದವರು ರಷ್ಯಾದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ಜೊತೆ ಕುಣಿದರು, ಆಮೇಲೆ ಆಲ್ಮೋರಾದಲ್ಲಿ ಕೇಂದ್ರ ಕಟ್ಟಿದರು. ಚೆನ್ನೈನ ಚಂದ್ರಲೇಖಾ ಭರತನಾಟ್ಯದಲ್ಲಿ ಪಳಗಿದವರು. 1985ರ 'ಅಂಗಿಕ' ಕೃತಿಯಲ್ಲಿ ಭರತನಾಟ್ಯ, ಯೋಗ, ಕೇರಳದ ಕದನಕಲೆ ಕಳರಿಪಯಟ್ಟು ಮೂರನ್ನೂ ಎದುರುಬದುರು ನಿಲ್ಲಿಸಿದರು. ಕಥೆಯನ್ನು, ದೇವರನ್ನು, ಮುಖಾಭಿನಯವನ್ನು ಪಕ್ಕಕ್ಕಿಟ್ಟು ಮೈಯನ್ನೇ ಮಾತಾಡಿಸಿದರು. ಅಸ್ತಾದ್ ದೇಬೂ ಕಥಕ್ ಕಲಿತು, ಹೊರದೇಶ ಸುತ್ತಿ ಬಂದು, ಕಿವಿ ಕೇಳದ ಕಲಾವಿದರ ಜೊತೆ, ಮದ್ದಳೆ ಬಾರಿಸುತ್ತಾ ಕುಣಿಯುವ ಮಣಿಪುರದ ಪುಂಗ್ ಚೋಲಮ್ ಕಲಾವಿದರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ನಮ್ಮ ಕರ್ನಾಟಕದವರೇ ಆದ ಮಾಯಾ ರಾವ್ ಕಥಕ್ ಕಲಾವಿದೆ. ಅವರು ಮಾಸ್ಕೋಗೆ ಹೋಗಿ ಕೊರಿಯೋಗ್ರಫಿಯನ್ನೇ ಓದಿ ಬಂದರು. ದೆಹಲಿಯಲ್ಲಿ ಶುರು ಮಾಡಿದ ತಮ್ಮ ಸಂಸ್ಥೆಯನ್ನು 1987ರಲ್ಲಿ ಬೆಂಗಳೂರಿಗೆ ತಂದರು. ನೃತ್ಯ ಸಂಯೋಜನೆ ಅನ್ನುವುದು ಕಲಿಸಬಹುದಾದ ವಿದ್ಯೆ, ಹುಟ್ಟಿನಿಂದ ಬರುವ ವರ ಅಲ್ಲ ಅಂತ ಈ ನಾಡಿನಲ್ಲಿ ಪಟ್ಟು ಹಿಡಿದು ತೋರಿಸಿದವರು ಅವರು. ಮನೆಯವರ ಎದುರು ಹೇಳಲು ನಿಮಗೆ ಒಂದು ಹೆಸರು ಬೇಕಿದ್ದರೆ ಇವರದ್ದೇ ಹೇಳಿ.

ಇವರಲ್ಲಿ ಯಾರೂ ಒಂದೇ ವಿದ್ಯೆಯನ್ನು ನೆಚ್ಚಿಕೊಂಡು ಕೂತವರಲ್ಲ. ಭರತನಾಟ್ಯಕ್ಕಾದರೆ ಜೂನಿಯರ್, ಸೀನಿಯರ್, ವಿದ್ವತ್ ಅಂತ ಮೆಟ್ಟಿಲುಗಳಿವೆ. ಕಂಟೆಂಪರರಿಯಲ್ಲಿ ಅಂಥ ಮೆಟ್ಟಿಲಿಲ್ಲ. ಯಾರ ಹತ್ತಿರ ಕಲಿತಿರಿ, ಯಾರ ಕೃತಿಯಲ್ಲಿ ಕುಣಿದಿರಿ, ನೀವು ಏನು ಮಾಡಿದಿರಿ ಅನ್ನುವುದೇ ಸರ್ಟಿಫಿಕೇಟು.

ಹಾಗಾದರೆ ಕೊಡಗು ಬಿಡಬೇಕಾ? ಕಲಿಯಲು ಬಿಡಬೇಕು. ಎರಡು ಮೂರು ವರ್ಷ. ಇದರಲ್ಲಿ ರಿಯಾಯಿತಿ ಇಲ್ಲ. ಯೂಟ್ಯೂಬ್ ನೋಡಿ ನೆಲಕ್ಕೆ ಬೀಳುವುದನ್ನು ಕಲಿಯಲು ಹೋದರೆ ಮೊಣಕಾಲು, ಭುಜ ಎರಡೂ ಹೋಗುತ್ತವೆ. ಜಯಚಂದ್ರನ್ ಪಾಲಾಳಿ ಮತ್ತು ಸಂಗಡಿಗರು 1992ರಲ್ಲಿ ಶುರು ಮಾಡಿದ, ಬೆಂಗಳೂರಿನಲ್ಲಿರುವ ಅಟ್ಟಕ್ಕಳರಿ ಸಂಸ್ಥೆ ಈ ಕ್ಷೇತ್ರದ ದೊಡ್ಡ ಹೆಸರು. ಭರತನಾಟ್ಯ, ಕಳರಿ, ಪಶ್ಚಿಮದ ಕಂಟೆಂಪರರಿ ತಂತ್ರಗಳು, ಬೆಳಕು, ವಿಡಿಯೋ ಎಲ್ಲವನ್ನೂ ಒಟ್ಟಿಗೆ ಕಲಿಸುವ ಡಿಪ್ಲೊಮಾವನ್ನು ಕಟ್ಟಿದ್ದೇ ಅವರು. ಮಾಯಾ ರಾವ್ ಅವರ ಮಗಳು ಮಧು ನಟರಾಜ್ 1995ರಲ್ಲಿ ಸ್ಟೆಮ್ ಡಾನ್ಸ್ ಕಂಪನಿ ಆರಂಭಿಸಿದರು. ಮಯೂರಿ ಉಪಾಧ್ಯ ಅವರ ನೃತರುತ್ಯ ತಂಡವೂ ಬೆಂಗಳೂರಿನದ್ದೇ. ಯಾವುದೇ ಜಾಗಕ್ಕೆ ಸೇರುವ ಮೊದಲು ಒಂದು ಕೆಲಸ ಮಾಡಿ. ಈ ವರ್ಷ ಕೋರ್ಸ್ ನಡೆಯುತ್ತಿದೆಯಾ, ಪಾಠ ಮಾಡುವವರು ಯಾರು, ಫೀಸು ಎಷ್ಟು ಕಂತಿನಲ್ಲಿ ಕಟ್ಟಬಹುದು ಅಂತ ನೇರವಾಗಿ ಕೇಳಿ. ಆಮೇಲೆ ಅಲ್ಲಿ ಕಲಿಯುತ್ತಿರುವ ಇಬ್ಬರನ್ನು ಚಹಾಕ್ಕೆ ಕರೆದು ಮಾತಾಡಿಸಿ. ವೆಬ್‌ಸೈಟಿನ ಫೋಟೋಗಳನ್ನು ನೋಡಿ ತೀರ್ಮಾನ ಮಾಡಬೇಡಿ.

ಇನ್ನೊಂದು ಬಾಗಿಲು ನಿಮ್ಮ ಮನೆ ಹಿಂದೆಯೇ ಉಂಟು. ಮಾಕುಟ್ಟ ಘಾಟಿ ಇಳಿದರೆ ಕೇರಳದ ಕಣ್ಣೂರು ಸೀಮೆ, ವಡಕ್ಕನ್ ಕಳರಿಯ, ಅಂದರೆ ಕಳರಿಪಯಟ್ಟಿನ ಉತ್ತರ ಶೈಲಿಯ ತವರು. ದೆಹಲಿ, ಮುಂಬೈ, ಯುರೋಪಿನಿಂದ ಡಾನ್ಸರ್‌ಗಳು ಅಲ್ಲಿಗೆ ಬಂದು ಕಳರಿ ಕಲಿತು ಹೋಗುತ್ತಾರೆ. ನಿಮಗೆ ಒಂದು ಬಸ್ಸಿನ ದೂರ. ಅಲ್ಲಿ ಕಲಿಕೆಗೆ ಹೇಳಿ ಮಾಡಿಸಿದ ಕಾಲವೇ ಮಳೆಗಾಲ. ಎಣ್ಣೆ ಹಚ್ಚಿ, ಮೈ ಉಜ್ಜಿ, ಸಡಿಲ ಮಾಡಿ ಕಲಿಸುತ್ತಾರೆ. ಬೆಂಗಳೂರಿನ ಕೋರ್ಸಿಗೆ ಸೇರುವ ಮೊದಲು ಒಂದು ಮಳೆಗಾಲ ಅಲ್ಲಿ ಕಳೆದರೆ ಸೊಂಟದ ಕೆಳಗಿನ ಬಲ ಬೇರೆಯೇ ಆಗುತ್ತದೆ.

ನಿಮ್ಮ ಭರತನಾಟ್ಯ ಸಹಾಯಕ್ಕೂ ಬರುತ್ತದೆ, ಅಡ್ಡಿಯೂ ಆಗುತ್ತದೆ. ತಾಳ ನಿಮಗೆ ರಕ್ತದಲ್ಲಿದೆ. ಅರೆಮಂಡಿಯಿಂದ (ಮಂಡಿ ಬಗ್ಗಿಸಿ ನಿಲ್ಲುವ ಭಂಗಿ) ತೊಡೆ ಗಟ್ಟಿಯಾಗಿದೆ. ಒಂದು ಜತಿಯನ್ನು (ತಾಳಕ್ಕೆ ಕೂಡಿಸಿದ ಹೆಜ್ಜೆಗಳ ಸರಣಿ) ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ನೆನಪಿಡುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ. ತೊಂದರೆ ಬೆನ್ನಿನಲ್ಲಿ. ವರ್ಷಗಟ್ಟಲೆ ಬೆನ್ನನ್ನು ನೆಟ್ಟಗೆ ಹಿಡಿದು, ಪ್ರೇಕ್ಷಕರ ಕಡೆಗೇ ಮುಖ ಮಾಡಿ ನಿಂತಿದ್ದೀರಿ. ಕಂಟೆಂಪರರಿ ಕ್ಲಾಸಿನಲ್ಲಿ ಬೆನ್ನೆಲುಬಿನ ಒಂದೊಂದೇ ಮಣಿ ಬಿಡಿಸಿ ಬಗ್ಗು ಅಂದಾಗ ಅದು ಹಲಗೆಯ ಹಾಗೆ ಒಟ್ಟಿಗೇ ಬರುತ್ತದೆ. ಮುಖ ತನ್ನಷ್ಟಕ್ಕೆ ನಗುತ್ತದೆ. ಎಲ್ಲಕ್ಕಿಂತ ಕಷ್ಟ, ನಿಮ್ಮ ಭಾರವನ್ನು ಇನ್ನೊಬ್ಬರ ಮೇಲೆ ಹಾಕುವುದು. ಅಮೆರಿಕದಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ 1972ರಲ್ಲಿ ಶುರು ಮಾಡಿದ ಕಾಂಟ್ಯಾಕ್ಟ್ ಇಂಪ್ರೊವೈಸೇಷನ್ ಪೂರ್ತಿ ನಿಂತಿರುವುದು ಇದರ ಮೇಲೆ. ಇಬ್ಬರು ತಾಗಿಕೊಂಡು, ಯಾರು ಎತ್ತುತ್ತಾರೆ ಯಾರು ಬೀಳುತ್ತಾರೆ ಅಂತ ಮೊದಲೇ ಗೊತ್ತಿಲ್ಲದೆ ಚಲಿಸುವುದು. ಶಾಸ್ತ್ರೀಯ ನೃತ್ಯದಿಂದ ಬಂದವರು ಇಲ್ಲಿ ಗೊಂಬೆಯಂತೆ ನಿಂತುಬಿಡುತ್ತಾರೆ. ಒಂದು ವರ್ಷ ನಿಮಗೆ ಏನೂ ಬರುವುದಿಲ್ಲ ಅನಿಸಬಹುದು. ಅನಿಸಲಿ ಬಿಡಿ.

ಈಗ ಕೊರಿಯೋಗ್ರಫಿಗೆ ಬರೋಣ. ಹೊರಗಿನಿಂದ ನೋಡಿದವರು ಸ್ಟೆಪ್ ಹೇಳಿಕೊಡುವವರೇ ಕೊರಿಯೋಗ್ರಾಫರ್ ಅಂದುಕೊಳ್ಳುತ್ತಾರೆ. ಸಿನಿಮಾ ಹಾಡಿಗೆ, ಸ್ಕೂಲ್ ಡೇಗೆ ಅದು ಸರಿ. ನೀವು ಮಾಡಬೇಕೆಂದಿರುವ ಕೆಲಸ ಬಹಳ ಸಲ ಒಂದು ಪ್ರಶ್ನೆಯಿಂದ, ಒಂದು ನಿಯಮದಿಂದ ಶುರುವಾಗುತ್ತದೆ. ನಾಲ್ಕು ಜನರಿಗೆ ಹೇಳುತ್ತೀರಿ: ಈ ಗೋಡೆಯಿಂದ ಆ ಗೋಡೆಗೆ ಹೋಗಿ, ಯಾವ ಹೊತ್ತಿನಲ್ಲೂ ನಿಮ್ಮಲ್ಲಿ ಒಬ್ಬರೇ ನಿಂತಿರಬೇಕು, ಉಳಿದ ಮೂವರು ನೆಲದಲ್ಲಿರಬೇಕು. ಅವರು ಅರ್ಧ ಗಂಟೆ ಒದ್ದಾಡುತ್ತಾರೆ. ಆ ಒದ್ದಾಟದಲ್ಲಿ ಎರಡೇ ಎರಡು ಕ್ಷಣ ನಿಮಗೆ ಬೇಕಾದ್ದು ಸಿಗುತ್ತದೆ. ಅದನ್ನು ನೆನಪಿಟ್ಟು ಮತ್ತೆ ಮಾಡಿಸುವುದು, ಉಳಿದದ್ದನ್ನು ಎಸೆಯುವುದು, ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸುವುದು, ಎಲ್ಲಿ ಸುಮ್ನೆ ಬಿಡಬೇಕು ಅಂತ ನಿರ್ಧರಿಸುವುದು. ನಲವತ್ತು ನಿಮಿಷದ ಒಂದು ಕೃತಿಗೆ ತಿಂಗಳುಗಟ್ಟಲೆ ರಿಹರ್ಸಲ್ ಬೇಕಾಗುತ್ತದೆ. ಸಂಗೀತ ಎಷ್ಟೋ ಸಲ ಕೊನೆಗೆ ಬರುತ್ತದೆ. ಅಮೆರಿಕದ ಕೊರಿಯೋಗ್ರಾಫರ್ ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ತಂಡದಲ್ಲಂತೂ ಡಾನ್ಸರ್‌ಗಳು ಸಂಗೀತವನ್ನು ಮೊದಲ ಪ್ರದರ್ಶನದ ದಿನವೇ ಕೇಳಿದ್ದುಂಟು. ನೀವು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಹಾಡು ಹಾಕದೆ ರಿಹರ್ಸಲ್ ಮಾಡುವ ಅಭ್ಯಾಸ ಇರಲಿ. ಹಾಡು ತಪ್ಪುಗಳನ್ನು ಚೆನ್ನಾಗಿ ಮುಚ್ಚಿಹಾಕುತ್ತದೆ.

ದುಡ್ಡಿನ ವಿಷಯ. ಮನೆಯವರ ಪ್ರಶ್ನೆ ನ್ಯಾಯವಾದದ್ದೇ. ಸ್ವಂತ ಕೃತಿಗಳಿಂದ ಬರುವ ಆದಾಯವನ್ನು ಮೊದಲ ಕೆಲವು ವರ್ಷ ಲೆಕ್ಕಕ್ಕೇ ಹಿಡಿಯಬೇಡಿ. ಡಾನ್ಸರ್‌ಗಳ ಸಂಭಾವನೆ, ಹಾಲ್, ಬೆಳಕು, ಬಟ್ಟೆ ಅಂತ ಅದು ನಿಮ್ಮ ಕೈಯಿಂದಲೇ ಕೇಳುತ್ತದೆ. ವಾರಕ್ಕೆರಡು ಕ್ಲಾಸು, 20 ಮಕ್ಕಳು, ತಲಾ 800 ರೂಪಾಯಿ ಅಂತ ಸುಮ್ಮನೆ ಉದಾಹರಣೆಗೆ ಇಟ್ಟುಕೊಳ್ಳಿ. ತಿಂಗಳಿಗೆ 16,000. ಹಾಲ್ ಬಾಡಿಗೆ, ಪೆಟ್ರೋಲ್ ಕಳೆಯಿರಿ. ಗೋಣಿಕೊಪ್ಪದಲ್ಲಿ ಒಂದು ಬ್ಯಾಚ್, ವಿರಾಜಪೇಟೆಯಲ್ಲಿ ಒಂದು, ಜೊತೆಗೆ ಯಾವುದಾದರೂ ಶಾಲೆಯಲ್ಲಿ ವಾರಕ್ಕೆ ಎರಡು ದಿನ ಅಂತ ಆದಾಗ ಅದು ಸಂಬಳದ ರೂಪಕ್ಕೆ ಬರುತ್ತದೆ. ಮೇಲಿಂದ ಸ್ಕೂಲ್ ಡೇ, ಮದುವೆ ಸಂಗೀತ್, ರೆಸಾರ್ಟಿನ ಕಾರ್ಯಕ್ರಮ, ನಾಟಕ ತಂಡಗಳಿಗೆ ಚಲನೆ ಹೇಳಿಕೊಡುವುದು. ಕೆಲವರು ಮದುವೆ ಕೆಲಸ ಅಂದರೆ ಮೂಗು ಮುರಿಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಕುಣಿಯಲು ಬಾರದ ಹನ್ನೆರಡು ಮಂದಿ ನೆಂಟರನ್ನು ಮೂರು ಸಂಜೆಯಲ್ಲಿ ಒಂದು ಹದಕ್ಕೆ ತರುವುದು ಒಳ್ಳೆಯ ತರಬೇತಿ. ನಾಟಕದ ಕೆಲಸ ಸಿಕ್ಕರಂತೂ ಬಿಡಬೇಡಿ. ಮೈಸೂರಿನ ರಂಗಾಯಣ, ಹೆಗ್ಗೋಡಿನ ನೀನಾಸಂನಂಥ ಕಡೆಯಿಂದ ಬಂದ ನಟರ ಜೊತೆ ಕೆಲಸ ಮಾಡಿದರೆ, ಒಂದು ಚಲನೆ ಯಾಕೆ ಬೇಕು ಅಂತ ಅವರು ಕೇಳುತ್ತಲೇ ಇರುತ್ತಾರೆ. ಉತ್ತರ ಹುಡುಕಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಕ್ಲಾಸ್ ನಡೆಸುವವರು ಕ್ಯಾಲೆಂಡರನ್ನು ಕಾಫಿ ತೋಟದ ಪ್ರಕಾರ ಹಾಕಬೇಕು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೋಬಸ್ಟಾ. ಫೆಬ್ರವರಿ ದಾಟುವವರೆಗೂ ತೋಟದ ಮನೆಯವರಿಗೆ ಮಕ್ಕಳನ್ನು ಪೇಟೆಗೆ ಕರೆತರಲು ಪುರುಸೊತ್ತಿಲ್ಲ. ಜೂನ್, ಜುಲೈ, ಆಗಸ್ಟಿನಲ್ಲಿ ಮಳೆ ರಜೆ, ಮರ ಬಿದ್ದ ರಸ್ತೆ, ಕರೆಂಟ್ ಇಲ್ಲದ ಸಂಜೆ. ಏಪ್ರಿಲ್, ಮೇ ಮದುವೆ ಕಾಲ. ಹಾಗಾಗಿ ವರ್ಷವಿಡೀ ಒಂದೇ ಸಮ ಕ್ಲಾಸ್ ಅಂತ ಹೊರಟರೆ ಸೋಲುತ್ತೀರಿ. ಎಂಟೆಂಟು ವಾರದ ಕೋರ್ಸುಗಳಾಗಿ ಒಡೆಯಿರಿ, ಫೀಸನ್ನು ಕೋರ್ಸಿಗೆ ತೆಗೆದುಕೊಳ್ಳಿ. ಮಡಿಕೇರಿ, ಗೋಣಿಕೊಪ್ಪ ದಸರಾದ ಮೊದಲಿನ ವಾರಗಳಲ್ಲಿ ಬೇಡಿಕೆ ಜಾಸ್ತಿ. ಮಕ್ಕಳ ದಸರಾ, ಮಹಿಳಾ ದಸರಾಕ್ಕೆ ತಂಡಗಳು ತಯಾರಾಗುವ ಹೊತ್ತು ಅದು. ಕೊಯ್ಲಿನ ತಿಂಗಳುಗಳನ್ನು ನಿಮ್ಮ ಸ್ವಂತ ಕೃತಿಗೆ, ಹೊರಗೆ ಹೋಗಿ ಉಳಿದು ಕೆಲಸ ಮಾಡುವ ರೆಸಿಡೆನ್ಸಿಗೆ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲೂ ತೋಟ ಇದ್ದರೆ ಈ ಸಲಹೆಗೆ ಅಮ್ಮ ಒಪ್ಪುವುದು ಅನುಮಾನ!

ಹಾಲ್ ನೋಡುವಾಗ ಗೋಡೆಯ ಕನ್ನಡಿ ನೋಡಬೇಡಿ, ನೆಲ ನೋಡಿ. ಇಲ್ಲಿ ಸಿಗುವ ಬಹುತೇಕ ಸಭಾಂಗಣಗಳಲ್ಲಿ ಸಿಮೆಂಟಿನ ಮೇಲೆ ಟೈಲ್ಸ್. ಮಳೆಗಾಲದಲ್ಲಿ ಅದು ಬೆವರುತ್ತದೆ, ಜಾರುತ್ತದೆ, ತಣ್ಣಗೆ ಕೊರೆಯುತ್ತದೆ. ಅದರ ಮೇಲೆ ನೆಗೆಸುವುದು, ಬೀಳಿಸುವುದು ಬೇಡವೇ ಬೇಡ. ಹಣ ಬಂದಾಗ ಕೆಳಗೆ ಟೊಳ್ಳು ಬಿಟ್ಟ ಮರದ ಹಲಗೆ ಹಾಸಿಸಿ. ಅಲ್ಲಿಯವರೆಗೆ ಒಂದಕ್ಕೊಂದು ಸಿಕ್ಕಿಸುವ ದಪ್ಪ ಫೋಮ್ ಮ್ಯಾಟ್ ಸಾಕು. ಆದರೆ ಅದರ ಮೇಲೆ ತಿರುಗುವಾಗ ಪಾದ ಸಿಕ್ಕಿಕೊಂಡು ಮೊಣಕಾಲು ತಿರುಚುತ್ತದೆ. ಹಾಗಾಗಿ ಉರುಳುವುದಕ್ಕೆ ಮ್ಯಾಟ್, ತಿರುಗುವುದಕ್ಕೆ ಬರಿ ನೆಲ. ಚಳಿಯಲ್ಲಿ ವಾರ್ಮ್‌ಅಪ್ ಅರ್ಧ ಗಂಟೆಗಿಂತ ಕಡಿಮೆ ಮಾಡಬೇಡಿ.

ಕಲಿಸುವಾಗ ಮುಟ್ಟಬೇಕಾಗುತ್ತದೆ. ಕಂಟೆಂಪರರಿಯಲ್ಲಿ ಇದು ತಪ್ಪಿಸಲಾಗದ ಮಾತು. ಪ್ರತಿ ಸಲ ಕೇಳಿ ಮುಟ್ಟಿ, ಮಗುವಾದರೂ ಸರಿ. "ಬೆನ್ನ ಮೇಲೆ ಕೈ ಇಡಲಾ?" ಅಂತ ಕೇಳುವುದಕ್ಕೆ ಎರಡು ಸೆಕೆಂಡ್ ಸಾಕು. ಬಾಗಿಲು ತೆರೆದಿರಲಿ, ಮನೆಯವರು ಯಾರು ಬೇಕಾದರೂ ಕೂತು ನೋಡಲಿ. ಬೇಡ ಅಂದ ಮಗುವಿಗೆ ಜೋಡಿ ಕೆಲಸದ ಬದಲು ಬೇರೆ ಕೆಲಸ ಕೊಡಿ. ಗುರುಗಳಿಗೆ ಎದುರಾಡಬಾರದು ಅನ್ನುವ ಸಂಪ್ರದಾಯದಲ್ಲಿ ಬೆಳೆದವರು ನಾವು. ಈ ವಿಷಯದಲ್ಲಿ ಮಾತ್ರ ಎದುರಾಡುವುದನ್ನು ಕಲಿಸಬೇಕು.

ಇನ್ನು ಉಮ್ಮತ್ತಾಟ್. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು, ಹೆದರಿಕೆ ಹುಟ್ಟಿಸಿದ್ದೂ ಇದೇ. ಕೊಡವ ಸೀರೆ ಉಟ್ಟು ಎಂಟು ತಾಳ ಉಮ್ಮತ್ತಾಟ್, ಆಮೇಲೆ ಗಿಟಾರ್ ಬಂದು ಎಂಟು ತಾಳ ಕಂಟೆಂಪರರಿ, ಕೊನೆಗೆ ಎರಡೂ ಒಟ್ಟಿಗೆ. ದಯವಿಟ್ಟು ಇದನ್ನು ಮಾಡಬೇಡಿ. ಚಪ್ಪಾಳೆ ಬರುತ್ತದೆ, ನಿಜ. ಆದರೆ ಉಮ್ಮತ್ತಾಟಿಗೂ ಏನೂ ಸಿಗುವುದಿಲ್ಲ, ನಿಮಗೂ ಏನೂ ಸಿಗುವುದಿಲ್ಲ. ಈ ನೃತ್ಯವನ್ನು ಕಲಿಸಿ, ಹೊರಗೆ ತೋರಿಸಿ ಉಳಿಸಿದ್ದಕ್ಕೆ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದು ಈಗಿರುವ ಹಾಗೇ ಪೂರ್ತಿಯಾದ ನೃತ್ಯ. ನಮ್ಮ ರಿಪೇರಿ ಅದಕ್ಕೆ ಬೇಕಿಲ್ಲ.

ಆದರೆ ಒಬ್ಬ ಕೊರಿಯೋಗ್ರಾಫರ್ ಅದರಿಂದ ಕಲಿಯುವುದು ಬೇಕಾದಷ್ಟಿದೆ. ನೀವು ಒಳಗೆ ನಿಂತು ಕುಣಿದವರು, ಈಗ ಹೊರಗೆ ನಿಂತು ನೋಡಿ. ಹೆಂಗಸರು ಕೈಯಲ್ಲಿ ಕಂಚಿನ ತಾಳ ಹಿಡಿದು ಸುತ್ತ ನಿಲ್ಲುತ್ತಾರೆ, ಮುಖ ವೃತ್ತದ ಒಳಗೆ. ನೋಡುವವರಿಗೆ ಕಾಣುವುದು ಅರ್ಧ ಜನರ ಬೆನ್ನು. ಗಂಡಸರ ಬೊಳಕಾಟ್‌ನಲ್ಲೂ ನಡುವೆ ದೀಪ, ಕೈಯಲ್ಲಿ ಚವರಿ (ಕೂದಲಿನ ಚಾಮರ), ಎಲ್ಲರ ಗಮನ ದೀಪದ ಕಡೆ. ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟ ನಡೆಯುವಾಗ ಪ್ರೇಕ್ಷಕರಿಗೆ ಅಂತ ಒಂದು ದಿಕ್ಕೇ ಇಲ್ಲ. ಈ ನೃತ್ಯಗಳು ಯಾರಿಗೋ ತೋರಿಸಲು ಹುಟ್ಟಿದವಲ್ಲ. ಅದನ್ನು ವೇದಿಕೆಗೆ ತಂದ ಕೂಡಲೇ ಸಾಲು ಮಾಡಿ ಮುಂದಕ್ಕೆ ಮುಖ ಮಾಡಿಸುತ್ತೇವೆ, ಅಲ್ವಾ? ಅಲ್ಲಿ ಏನು ಕಳೆದುಹೋಯಿತು? ಬೆನ್ನು ತೋರಿಸುವ ಗುಂಪನ್ನು ನಲವತ್ತು ನಿಮಿಷ ನೋಡುವ ಹಾಗೆ ಮಾಡಬಹುದಾ? ಜನರನ್ನೇ ಸುತ್ತ ಕೂರಿಸಿದರೆ? ಇದು ಕೊರಿಯೋಗ್ರಫಿಯ ಪ್ರಶ್ನೆ. ಇದಕ್ಕೆ ಕೊಡವ ಸೀರೆಯೂ ಬೇಡ, ಗಿಟಾರೂ ಬೇಡ.

ಮದುವೆಯ ವಾಲಗವನ್ನೂ ಬಿಡಬೇಡಿ. ವಾಲಗ ಶುರುವಾದರೆ ಎಂಬತ್ತರ ಅಜ್ಜಿಯೂ ಏಳುತ್ತಾರೆ, ಐದು ವರ್ಷದ ಮಗುವೂ ಏಳುತ್ತದೆ. ಯಾರಿಗೂ ಯಾರೂ ಕಲಿಸಿಲ್ಲ, ಆದರೂ ಭುಜ, ಮೊಣಕೈ, ಹೆಜ್ಜೆಯ ಒಂದು ಧಾಟಿ ಎಲ್ಲರಿಗೂ ಬರುತ್ತದೆ. ವಯಸ್ಸಾದವರು ಎಷ್ಟು ಕಡಿಮೆ ಚಲಿಸಿ ಎಷ್ಟು ಹೇಳುತ್ತಾರೆ ನೋಡಿ. ನನ್ನ ಪ್ರಕಾರ ಕೊಡಗಿನಲ್ಲಿ ಸಿಗುವ ಅತ್ಯುತ್ತಮ ಉಚಿತ ಕ್ಲಾಸ್ ಅದು.

ಒಂದು ಎಚ್ಚರಿಕೆ. ನಿಮ್ಮ ತಂಡದ ಹಿರಿಯರನ್ನು ಕೇಳಿ ಮುಂದುವರಿಯಿರಿ. ದೇವರ ಪಾಟ್ (ಹಾಡು), ಸಾವಿನ ಪಾಟ್‌ಗಳನ್ನು ವೇದಿಕೆಗೆ ಎಳೆಯಬೇಡಿ. ಇಲ್ಲಿನ ಬುಡಕಟ್ಟಿನವರಾದ ಯರವರ, ಕುರುಬರ ಕುಣಿತ ಚೆನ್ನಾಗಿದೆ ಅಂತ ವಿಡಿಯೋ ಮಾಡಿಕೊಂಡು ಬಂದು ಸ್ಟೆಪ್ ಎತ್ತಿಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಅವರ ಜೊತೆ ಕೆಲಸ ಮಾಡಬೇಕೆಂದರೆ ಅವರನ್ನೇ ಕಲಾವಿದರಾಗಿ ಕರೆಯಿರಿ. ಡಾನ್ಸರ್‌ಗೆ ಕೊಡುವ ಸಂಭಾವನೆಯನ್ನೇ ಕೊಡಿ, ಪೋಸ್ಟರಿನಲ್ಲಿ ಹೆಸರು ಹಾಕಿ.

ಕಾಗದಪತ್ರದ ಬಗ್ಗೆ ಸ್ವಲ್ಪ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೃತ್ಯ ಸಂಯೋಜನೆ ನಾಟಕ ಕೃತಿಯ ಅಡಿಯಲ್ಲಿ ಬರುತ್ತದೆ. ಆದರೆ ಅದು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ತಲೆಯಲ್ಲಿ ಮಾತ್ರ ಇದ್ದರೆ ನಿಮ್ಮದು ಅಂತ ಹೇಳಿಕೊಳ್ಳುವುದು ಕಷ್ಟ. ಆದ್ದರಿಂದ ಪ್ರತಿ ಕೃತಿಯನ್ನೂ ಅಲುಗಾಡದ ಒಂದೇ ಕ್ಯಾಮೆರಾದಲ್ಲಿ ಪೂರ್ತಿ ಚಿತ್ರಿಸಿಡಿ, ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಸಿನಿಮಾ ಹಾಡು ಹಾಕಿ ಟಿಕೆಟ್ ಪ್ರದರ್ಶನ ಮಾಡಿದರೆ ಲೈಸೆನ್ಸಿನ ತಲೆನೋವು ಬರುತ್ತದೆ. ದುಡಿ (ಸಣ್ಣ ಚರ್ಮವಾದ್ಯ) ಬಾರಿಸುವ, ಹಾಡುವ ಊರಿನವರ ಜೊತೆ ಒಂದು ಪುಟದ ಒಪ್ಪಂದ ಬರೆದುಕೊಂಡು ಕೆಲಸ ಮಾಡುವುದು ವಾಸಿ. ನಿಮ್ಮ ಬಿಕಾಂ ಇಲ್ಲಿ ಕೈಹಿಡಿಯುತ್ತದೆ. ಬಜೆಟ್ ಹಾಕಬಲ್ಲ, ಖರ್ಚಿನ ಲೆಕ್ಕ ಕೊಡಬಲ್ಲ ಕೊರಿಯೋಗ್ರಾಫರ್‌ಗಳು ಬೆರಳೆಣಿಕೆಯಷ್ಟು.

ಧನಸಹಾಯ ಕೊಡುವವರು ಆ ಲೆಕ್ಕವನ್ನೇ ಮೊದಲು ನೋಡುತ್ತಾರೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ 18ರಿಂದ 25 ವಯಸ್ಸಿನವರು ಅರ್ಜಿ ಹಾಕಬಹುದು. ಆಯ್ಕೆಯಾದರೆ 2 ವರ್ಷ, ತಿಂಗಳಿಗೆ 5,000 ರೂಪಾಯಿ. ಭರತನಾಟ್ಯ ಅಥವಾ ಜಾನಪದದ ಅಡಿಯಲ್ಲಿ ನಿಮಗೆ ಅವಕಾಶವಿದೆ. ವಯಸ್ಸು ಮೀರುವ ಮೊದಲು ಹಾಕಿ. ಮುಂದೆ ಸ್ವಂತ ಕೆಲಸ ಶುರುವಾದಾಗ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಡೆ ನೋಡಿ. ಅದು 1995ರಿಂದ ಕಲಾವಿದರಿಗೆ ಅನುದಾನ ಕೊಡುತ್ತಾ ಬಂದಿದೆ, ಅರ್ಜಿಯನ್ನು ಕನ್ನಡದಲ್ಲೂ ಬರೆಯಬಹುದು.

ಮನೆಯವರಿಗೆ ಭಾಷಣ ಮಾಡಬೇಡಿ. ಬ್ಯಾಂಕ್ ಪರೀಕ್ಷೆ ಬೇಡ ಅಂತಲೂ ಈಗಲೇ ಹಟ ಹಿಡಿಯಬೇಡಿ. ಊರಿನಲ್ಲಿ ಎಂಟು ವಾರದ ಒಂದು ಸಣ್ಣ ಬ್ಯಾಚ್ ನಡೆಸಿ, ಮಕ್ಕಳಿಗೆ ಉರುಳುವುದು, ಓಡುವುದು, ನಿಲ್ಲುವುದು, ತಾಳ ಹಿಡಿಯುವುದು ಮಾತ್ರ. ನಿಮಗೆ ಗೊತ್ತಿಲ್ಲದ್ದನ್ನು ಕಲಿಸಬೇಡಿ. ಕೊನೆಯ ದಿನ ಅಮ್ಮನನ್ನು ಕರೆದು ಮೂಲೆಯಲ್ಲಿ ಕೂರಿಸಿ, ಖರ್ಚು ಕಳೆದು ಉಳಿದ ದುಡ್ಡಿನ ಲೆಕ್ಕವನ್ನೂ ತೋರಿಸಿ. ನಿಮಗೆ ಕಲಿಸುವುದು ಹಿಡಿಸುತ್ತದಾ ಇಲ್ಲವಾ ಅಂತಲೂ ಆಗ ಗೊತ್ತಾಗುತ್ತದೆ. ಹಿಡಿಸದಿದ್ದರೆ ಬೆಂಗಳೂರಿನ ಫೀಸು ಕಟ್ಟುವ ಮೊದಲು ಇನ್ನೊಮ್ಮೆ ಯೋಚಿಸಿ.

ಆಡಿಷನ್‌ಗೆ ಹೋಗುವಾಗ ಎರಡು ಮೂರು ನಿಮಿಷದ್ದು ಏನಾದರೂ ನೀವೇ ಮಾಡಿಕೊಂಡು ಹೋಗಿ, ಭರತನಾಟ್ಯದಲ್ಲಿ ಕಲಿತ ವರ್ಣದ ತುಂಡು ಬೇಡ. ಮೇಕಪ್, ಒಡವೆ, ಗೆಜ್ಜೆ ಯಾವುದೂ ಬೇಡ. ಮೈಯ ಗೆರೆ ಕಾಣುವ ಸಾದಾ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಸಾಕು. ನಡುವೆ ಆಯ್ಕೆ ಮಾಡುವವರು ನಿಲ್ಲಿಸಿ "ಇದನ್ನೇ ನಿಧಾನಕ್ಕೆ ಮಾಡಿ", "ಕೈ ಇಲ್ಲದೆ ಮಾಡಿ" ಅಂತ ಹೇಳುತ್ತಾರೆ. ಗಾಬರಿಯಾಗಬೇಡಿ. ಹೊಸ ಮಾತನ್ನು ಎಷ್ಟು ಬೇಗ ಮೈಗೆ ತರುತ್ತೀರಿ ಅಂತ ನೋಡುವುದಷ್ಟೇ ಅವರ ಉದ್ದೇಶ. ಮೊಣಕಾಲಿಗೆ ಹಾಕುವ ಪ್ಯಾಡ್ ಮರೆಯಬೇಡಿ. ವಾಲಿಬಾಲ್ ಆಡುವವರು ಹಾಕಿಕೊಳ್ಳುತ್ತಾರಲ್ಲ, ಅದೇ ಆಗುತ್ತದೆ.